ನೇತ್ರಾಣಿಯ ಹವಳ, ಕತ್ತಲೆಕಾನಿನ ನೀರು

ಕರ್ನಾಟಕದಲ್ಲೂ ಹವಳ ಇದೆ ಅಂದರೆ ಬೆಂಗಳೂರಿನಲ್ಲಿ ಯಾರೂ ತಟ್ಟನೆ ನಂಬುವುದಿಲ್ಲ. ಹವಳ ನೋಡಬೇಕಾದರೆ ಅಂಡಮಾನಿಗೆ ಹೋಗಬೇಕು, ಇಲ್ಲವೇ ಲಕ್ಷದ್ವೀಪಕ್ಕೆ. ಕೈಯಲ್ಲಿ ಕಾಸು ಓಡಾಡುತ್ತಿದ್ದರೆ ಮಾಲ್ಡೀವ್ಸಿಗೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು ಆಸ್ಟ್ರೇಲಿಯಾ ಪ್ರವಾಸದ ಫೋಟೊಗಳನ್ನು ಹಾಕಿ, ಮಳೆಕಾಡೂ ಹವಳವೂ ಅಕ್ಕಪಕ್ಕದಲ್ಲೇ ಇರುವ ಜಾಗ ಜಗತ್ತಿನಲ್ಲಿ ಇದೊಂದೇ ಎಂದು ಬರೆದಿದ್ದರು. ಕ್ವೀನ್ಸ್‌ಲ್ಯಾಂಡಿನ ಕೇಪ್ ಟ್ರಿಬ್ಯುಲೇಶನ್ ಎಂಬ ಊರಿನ ಬಗ್ಗೆ ಆ ಮಾತು. ಒಂದು ಕಡೆ ಡೇನ್‌ಟ್ರೀ ಮಳೆಕಾಡು, ಇನ್ನೊಂದು ಕಡೆ ಗ್ರೇಟ್ ಬ್ಯಾರಿಯರ್ ರೀಫ್. ಹವಳ 1981ರಲ್ಲಿ, ಕಾಡು 1988ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ದೊಡ್ಡ ಸಂಗತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಆ ಊರಿಗೆ ಹೋಗುವ ಯೋಗ ಇದ್ದಂತಿಲ್ಲ. ಸಂಜೆ ಬೆಂಗಳೂರಿನಲ್ಲಿ ಪಂಚಗಂಗಾ ರೈಲು ಹತ್ತಿದರೆ ಬೆಳಗಿನ ಹೊತ್ತಿಗೆ ಇಳಿಯಬಹುದಾದ ಒಂದು ಕಡಲಕರೆಯಲ್ಲಿ, ಅಷ್ಟು ಭವ್ಯವಾಗಿ ಅಲ್ಲದಿದ್ದರೂ, ಕಡಲು, ಹವಳ, ಮಳೆಕಾಡು ಮೂರೂ ಇವೆ. ಮುರುಡೇಶ್ವರದಿಂದ ಕಡಲೊಳಗೆ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ದ್ವೀಪ. ಹೊನ್ನಾವರದಿಂದ ಘಟ್ಟ ಹತ್ತಿದರೆ ಕತ್ತಲೆಕಾನು ಎಂಬ ಮಳೆಕಾಡು. ನಕ್ಷೆಯ ಮೇಲೆ ಸ್ಕೇಲು ಇಟ್ಟು ನೋಡಿದರೆ ಎರಡರ ನಡುವೆ ಇರುವುದು 50 ಕಿ.ಮೀ. ಚಿಲ್ಲರೆ.

ಅಕ್ಕನ ಮಗಳು ಜೊತೆಗೆ ಬಂದಿದ್ದಳು. ಅವಳಿಗೆ ಡೈವಿಂಗ್ ಬೇಕಿತ್ತು, ನನಗೆ ಕಾಡು. ಒಬ್ಬರ ಆಸೆಗೆ ಇನ್ನೊಬ್ಬರು ಜೊತೆ ಕೊಡಬೇಕೆಂಬ ಕರಾರಿನ ಮೇಲೆ ಹೊರಟೆವು. ಸಕಲೇಶಪುರ ದಾಟಿ ಸುಬ್ರಹ್ಮಣ್ಯದ ಕಡೆ ಇಳಿಯುವಾಗ 57 ಸುರಂಗಗಳಿವೆ, ಅವೆಲ್ಲ ಬರುವುದು ನಟ್ಟಿರುಳಲ್ಲಿ. ಬಾಗಿಲ ಬಳಿ ನಿಂತು ಎಣಿಸುತ್ತೇನೆ ಅಂದವಳು ಹಾಸನ ಬರುವ ಮೊದಲೇ ನಿದ್ದೆ ಹೋಗಿದ್ದಳು.

ನಾವು ಉಳಿದುಕೊಂಡದ್ದು ಮುರುಡೇಶ್ವರದಲ್ಲಲ್ಲ. ಅಲ್ಲಿ 237 ಅಡಿಯ ಗೋಪುರ, 123 ಅಡಿಯ ಶಿವ, ಸಾಲುಸಾಲು ಲಾಡ್ಜು. ದೇವರ ದರ್ಶನಕ್ಕೆ ಸೈ, ರಾತ್ರಿ ಮಲಗಲು ನನಗೆ ಅಷ್ಟು ಗದ್ದಲ ಆಗದು. ಮಂಕಿಗೂ ಹೊನ್ನಾವರಕ್ಕೂ ನಡುವಿನ ಒಂದು ಮೀನುಗಾರರ ಕೇರಿಯಲ್ಲಿ ಮನೆಯ ಮುಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವ ಒಬ್ಬರು ಸಿಕ್ಕರು. ಆ ಕೇರಿಯ ಹೆಸರು ಬರೆಯುವುದಿಲ್ಲ. ಒಂದು ರೀಲ್ಸ್ ಓಡಿದರೆ ಮುಂದಿನ ಶನಿವಾರಕ್ಕೆ ಏನಾಗುತ್ತದೆ ಅನ್ನುವುದನ್ನು ಗೋಕರ್ಣದಲ್ಲಿ ಎಲ್ಲರೂ ನೋಡಿದ್ದೇವೆ. ಮನೆಯಾಕೆ ಹೊನ್ನಾವರದ ಪೇಟೆಯಲ್ಲಿ ಮೀನು ಮಾರುವವರು. ನಾನು ಅಕ್ಕ ಅನ್ನುತ್ತಿದ್ದೆ, ಅವರೂ ನನ್ನನ್ನು ಅಕ್ಕ ಅನ್ನುತ್ತಿದ್ದರು. ಯಾರು ದೊಡ್ಡವರು ಎಂದು ಕೊನೆಗೂ ಇತ್ಯರ್ಥವಾಗಲಿಲ್ಲ.

ಡೈವಿಂಗಿಗೆ ಮೊದಲು ಈಜುಕೊಳದಲ್ಲೋ ಆಳವಿಲ್ಲದ ನೀರಿನಲ್ಲೋ ಒಂದಿಷ್ಟು ಪಾಠ ಆಗುತ್ತದೆ. ಬಾಯಿಂದ ಮಾತ್ರ ಉಸಿರಾಡಬೇಕು. ಉಸಿರು ಕಟ್ಟಿ ಹಿಡಿಯಬಾರದು. ಕೆಳಗೆ ಇಳಿಯುತ್ತಿದ್ದಂತೆ ಕಿವಿ ಒತ್ತುತ್ತದೆ, ಮೂಗು ಹಿಡಿದು ಮೆಲ್ಲಗೆ ಊದಬೇಕು. ಎಲ್ಲಕ್ಕಿಂತ ಕಷ್ಟ ಕೈಸನ್ನೆಯದು. ನೀರಿನೊಳಗೆ ಹೆಬ್ಬೆರಳು ಎತ್ತಿ ತೋರಿಸಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲಕ್ಕೆ ಹೋಗೋಣ’ ಎಂದು. ಫೋನಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಹೆಬ್ಬೆರಳು ಕಳಿಸುವ ನಮ್ಮಂಥವರಿಗೆ ಆ ಅಭ್ಯಾಸ ಬಿಡಿಸುವುದೇ ದೊಡ್ಡ ಕೆಲಸ ಎಂದು ಕಲಿಸುವ ಹುಡುಗ ನಕ್ಕ. ಅವನು ಅಲ್ಲಿನವನೇ, ಅಪ್ಪ ದೋಣಿಯವರು. ಅಪ್ಪ ನೀರಿನ ಮೇಲಿದ್ದು ಮೀನು ಹಿಡಿದರು, ಮಗ ನೀರೊಳಗೆ ಇಳಿದು ಮೀನು ತೋರಿಸುತ್ತಾನೆ. ಸಂಪಾದನೆ ಯಾವುದರಲ್ಲಿ ಜಾಸ್ತಿ ಅಂತ ಕೇಳಿದೆ. ‘ಅಕ್ಟೋಬರಿಂದ ಮೇ ತನಕ ನಂದು, ಆಮೇಲೆ ಇಬ್ರದ್ದೂ ಇಲ್ಲ ಮೇಡಂ’ ಅಂದ. ಜೂನ್ 1ರಿಂದ ಜುಲೈ 31ರವರೆಗೆ ಪಡುಗರೆಯ ಯಾಂತ್ರಿಕ ದೋಣಿಗಳಿಗೆಲ್ಲ 61 ದಿನಗಳ ನಿಷೇಧ. ಮಳೆಗಾಲದ ಆ ಕಡಲಿಗೆ ಡೈವಿಂಗಿನವರೂ ಇಳಿಯುವುದಿಲ್ಲ.

ದೋಣಿಯಲ್ಲಿ ಒಂದು ಗಂಟೆಯ ಮೇಲೆ ಹಿಡಿಯುತ್ತದೆ. ಅವೊಮಿನ್ ಮಾತ್ರೆ ನುಂಗಿದ್ದವರೂ ಅರ್ಧ ದಾರಿಯಲ್ಲಿ ಮುಖ ಬಾಡಿಸಿಕೊಂಡಿದ್ದರು. ಹತ್ತಿರವಾದಂತೆ ನೇತ್ರಾಣಿ ಬರೀ ಬಂಡೆಯಲ್ಲ, ತಲೆತುಂಬ ಹಸಿರು ಹೊತ್ತ ಗುಡ್ಡ ಎಂದು ಗೊತ್ತಾಗುತ್ತದೆ. ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳು ಸುತ್ತುತ್ತಿದ್ದವು. ಇಂಗ್ಲಿಷರು ಇದನ್ನು ಪಾರಿವಾಳದ ದ್ವೀಪ ಎಂದು ಕರೆದರು. 1875ರಲ್ಲಿ ಎ. ಒ. ಹ್ಯೂಮ್ ಇಲ್ಲಿಗೆ ಬಂದು ಹಕ್ಕಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಹತ್ತು ವರ್ಷದ ಮೇಲೆ ಕಾಂಗ್ರೆಸ್ ಕಟ್ಟಲು ಮುಂದಾದ ಹ್ಯೂಮ್ ಇವನೇ. ಶಾಲೆಯ ಇತಿಹಾಸದ ಪಾಠದಲ್ಲಿ ಅವನ ಹದ್ದುಗಳ ಹುಚ್ಚಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದ್ದಿದ್ದರೆ ಆ ಪಾಠ ನೆನಪಿನಲ್ಲಿ ಉಳಿಯುತ್ತಿತ್ತೇನೋ. ಮೀನುಗಾರರಿಗೆ ಇದು ಹರಕೆಯ ಜಾಗ, ಹರಕೆಯ ಆಡುಗಳನ್ನು ತಂದು ಇಲ್ಲಿ ಬಿಡುವ ರೂಢಿಯಿದೆ. ನೌಕಾಪಡೆಗೆ ಇದೇ ದ್ವೀಪ ಗುರಿ ಅಭ್ಯಾಸದ ಬಂಡೆಯಾಗಿತ್ತು. ಒಬ್ಬರು ಹಕ್ಕಿ ಎಣಿಸಿದ, ಒಬ್ಬರು ಹರಕೆ ಹೊತ್ತ, ಒಬ್ಬರು ಗುಂಡು ಹೊಡೆದ ಈ ಗುಡ್ಡವನ್ನು ನಮ್ಮಂಥ ಪ್ರವಾಸಿಗಳು ಹತ್ತುವುದಿಲ್ಲ. ದೋಣಿ ಪಕ್ಕದಲ್ಲಿ ಲಂಗರು ಹಾಕುತ್ತದೆ, ಅಲ್ಲಿಂದ ನೀರಿಗೆ ಇಳಿಯಬೇಕು, ಅಷ್ಟೇ.

ಇಳಿದ ಮೇಲೆ ಮೊದಲು ಗಮನಕ್ಕೆ ಬಂದದ್ದು ಬಣ್ಣವಲ್ಲ, ಸದ್ದು. ನೀರೊಳಗೆ ಮೌನ ಇರುತ್ತದೆ ಎಂದುಕೊಂಡಿದ್ದೆ. ಸುತ್ತಲೂ ಒಗ್ಗರಣೆಯ ಸಾಸಿವೆ ಸಿಡಿದಂತೆ ಒಂದೇ ಸಮ ಚಟಪಟ. ಬಂಡೆಯ ಸಂದುಗಳಲ್ಲಿ ಕೂತ ಒಂದು ಜಾತಿಯ ಸೀಗಡಿ ತನ್ನ ಕೊಂಡಿಯನ್ನು ರಪ್ಪನೆ ಮುಚ್ಚುವಾಗ ಹುಟ್ಟುವ ಸದ್ದು ಅದು. ಅದರ ನಡುವೆ ಆಗಾಗ ಕಟುಂ ಕಟುಂ. ಗಿಳಿಮೀನು ಕಲ್ಲು ಕೆರೆದು ತಿನ್ನುತ್ತಿತ್ತು. ಹವಳದ ಕಲ್ಲನ್ನು ಕಚ್ಚಿ, ಅದರ ಮೇಲಿನ ಪಾಚಿಯನ್ನು ಅರಗಿಸಿಕೊಂಡು, ಉಳಿದದ್ದನ್ನು ನುಣುಪು ಮರಳಾಗಿ ಹೊರಹಾಕುವ ಮೀನು ಇದು. ಮಾಲ್ಡೀವ್ಸಿನ ಬಿಳಿ ಮರಳಿನ ಮೇಲೆ ಮಧುಚಂದ್ರದ ಫೋಟೊ ತೆಗೆಸಿಕೊಳ್ಳುವವರು ಬರಿಗಾಲಲ್ಲಿ ಮೆಟ್ಟಿ ನಿಂತಿರುವುದರಲ್ಲಿ ಬಹುಪಾಲು ಏನನ್ನು ಎಂದು ಅವರಿಗೆ ಹೇಳದಿರುವುದೇ ಒಳ್ಳೆಯದು.

ಹವಳ ಹೇಗಿತ್ತು? ಪೋಸ್ಟರಿನ ಹವಳವಲ್ಲ. ಬಂಡೆಗಳ ಮೇಲೆ ಅಲ್ಲಲ್ಲಿ ಗುಡ್ಡೆಗುಡ್ಡೆಯಾಗಿ, ಕಂದು, ಮಬ್ಬು ಹಸಿರು, ಎಲ್ಲೋ ಒಂದು ಕಡೆ ನೇರಳೆಯ ಛಾಯೆ. ಅವುಗಳ ನಡುವೆ ಚಿಟ್ಟೆಮೀನು, ಬಂಡೆಯ ಬಿಲದಿಂದ ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚುವ ಮೊರೆ ಹಾವುಮೀನು, ಗಾತ್ರಕ್ಕೆ ತಕ್ಕ ಗಾಂಭೀರ್ಯದ ಒಂದು ಮುರು ಮೀನು. ದೂರದಲ್ಲಿ ಬಾರಾಕುಡಾಗಳ ಹಿಂಡು ಅಲುಗಾಡದೆ ನಿಂತಿತ್ತು. ಅಕ್ಕನ ಮಗಳು ಎಲ್ಲದಕ್ಕೂ ಕೈ ತೋರಿಸುತ್ತಿದ್ದಳು. ಮೇಲೆ ಬಂದು ಮಾಸ್ಕ್ ತೆಗೆದವಳೇ ಕೇಳಿದ ಮೊದಲ ಪ್ರಶ್ನೆ: ‘ಚಿಕ್ಕಮ್ಮ, ಇಷ್ಟು ಚೆನ್ನಾಗಿರೋದು ಇಷ್ಟು ದೂರ ಯಾಕಿದೆ? ಬೀಚ್ ಹತ್ರಾನೇ ಯಾಕೆ ಬೆಳೆಯಲ್ಲ?’

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವುದರಲ್ಲೇ ನಮ್ಮ ಉಳಿದ ಪ್ರವಾಸ ಕಳೆಯಿತು ಅನ್ನಬಹುದು.

ಹವಳ ಎಂದರೆ ಕಲ್ಲು ಕಟ್ಟುವ ಪ್ರಾಣಿ. ಒಂದೊಂದೂ ಚಿಕ್ಕದು, ಸಾವಿರಾರು ಸೇರಿ ತಮ್ಮ ಕೆಳಗೆ ಸುಣ್ಣದ ಗೂಡು ಕಟ್ಟುತ್ತವೆ. ಆದರೆ ಅದರ ಊಟ ಬಹುಪಾಲು ಅದರದ್ದಲ್ಲ. ಮೈಯೊಳಗೆ ಒಂದು ಬಗೆಯ ಸೂಕ್ಷ್ಮ ಪಾಚಿಯನ್ನು ಇಟ್ಟುಕೊಂಡಿರುತ್ತದೆ. ಆ ಪಾಚಿ ಬಿಸಿಲು ಹಿಡಿದು ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತದೆ, ಹವಳ ಅದಕ್ಕೆ ಇರಲು ಜಾಗ ಕೊಡುತ್ತದೆ. ನೀರು ಬೇಸಿಗೆಯ ವಾಡಿಕೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಈ ಸಂಸಾರ ಒಡೆಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬಿಳಿಚುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದಲ್ಲಿ ಹಾಗಾಗಿತ್ತು. 2024ರ ಏಪ್ರಿಲಿನಲ್ಲಿ ಜಗತ್ತಿನಾದ್ಯಂತ ನಾಲ್ಕನೇ ಮಹಾಬಿಳಿಚುವಿಕೆ ನಡೆಯುತ್ತಿದೆ ಎಂದು ಅಮೆರಿಕದ ಸಾಗರ ಸಂಸ್ಥೆ ಘೋಷಿಸಿತು, ಆ ವರ್ಷವೂ ಲಕ್ಷದ್ವೀಪ ಬಿಳಿಚಿತು. ಬಿಸಿಯ ಕತೆ ಎಲ್ಲರೂ ಬರೆಯುತ್ತಾರೆ, ಇಲ್ಲಿಗೆ ಬಿಡುತ್ತೇನೆ.

ನಮ್ಮ ಕರೆಯ ಮಟ್ಟಿಗೆ ಹಳೆಯ ಶತ್ರು ಬೇರೆ: ಮಣ್ಣು, ಮತ್ತು ಸಿಹಿನೀರು. ಬಿಸಿಲು ತಳಕ್ಕೆ ಮುಟ್ಟಬೇಕಾದರೆ ನೀರು ತಿಳಿಯಾಗಿರಬೇಕು. ಮೇಲಿಂದ ಹೂಳು ಬಿದ್ದರೆ ಹವಳದ ಬಾಯಿ ಮುಚ್ಚಿಹೋಗುತ್ತದೆ. ಉಪ್ಪು ಕಡಿಮೆಯಾದರೂ ತಡೆಯದು. ಕರ್ನಾಟಕದ ಸುಮಾರು 320 ಕಿ.ಮೀ. ಕರೆಯಲ್ಲಿ ಹೊಳೆಗಳು ಎಷ್ಟು ಒತ್ತೊತ್ತಾಗಿ ಕಡಲು ಸೇರುತ್ತವೆ ನೋಡಿ. ಉತ್ತರ ಕನ್ನಡವೊಂದರಲ್ಲೇ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ. ಈ ಕರಾವಳಿಗೆ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ಬೆಂಗಳೂರಿನ ಇಡೀ ವರ್ಷದ ಮಳೆ ಇಲ್ಲಿ ಜುಲೈ ಒಂದರಲ್ಲೇ ಸುರಿಯಬಹುದು. ಆಗ ಹೊಳೆ ಕಡಲು ಸೇರುವ ಪ್ರತಿ ಅಳಿವೆಯ ಮುಂದೆಯೂ ಕಡಲು ಕೆಂಪಾಗಿರುತ್ತದೆ. ಮಳೆಗಾಲದಲ್ಲಿ ಪಡುಗರೆಯ ಪ್ರವಾಹ ತೆಂಕು ದಿಕ್ಕಿಗೆ ಹರಿಯುವುದರಿಂದ, ಹೊನ್ನಾವರದಲ್ಲಿ ಹೊರಬಿದ್ದ ಕೆಂಪು ನೀರು ಭಟ್ಕಳದ ಕಡೆಗೇ ಸಾಗುತ್ತದೆ. ಶರಾವತಿಯ ಅಳಿವೆಯಿಂದ ನೇತ್ರಾಣಿಗೆ ನೇರ ದಾರಿ ಸುಮಾರು 30 ಕಿ.ಮೀ. ದ್ವೀಪ ಅಷ್ಟು ದೂರ, ಅಷ್ಟು ಹೊರಗೆ ಇರುವುದರಿಂದಲೇ ಅಲ್ಲಿ ಹವಳ ಉಳಿದಿದೆ. ಲಕ್ಷದ್ವೀಪಕ್ಕೆ ಇನ್ನೂ ಅನುಕೂಲ, ಅಲ್ಲಿ ಹೊಳೆಯೇ ಇಲ್ಲ.

ಅಂದರೆ ಬೇರೆಯವರು ಪ್ರವಾಸದ ಪಟ್ಟಿಯಲ್ಲಿ ಒಂದು, ಎರಡು ಎಂದು ಬರೆಯುವ ಹವಳವೂ ಕಾಡೂ ಇಲ್ಲಿ ಒಂದೇ ನೀರಿನ ಎರಡು ತುದಿ. ಘಟ್ಟದ ಮೇಲೆ ಮರದ ಬೇರು ಎಷ್ಟು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆಯೋ, ಕಡಲಲ್ಲಿ ಬೆಳಕು ಅಷ್ಟು ಆಳಕ್ಕೆ ಇಳಿಯುತ್ತದೆ. ಘಟ್ಟ ಕಡಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರದ ಉದಾಹರಣೆ ಬೇಡ. ಹೆದ್ದಾರಿ 66ರ ಅಗಲೀಕರಣಕ್ಕೆಂದು ನಿಲುವಾಗಿ ಕೊರೆದ ಗುಡ್ಡಗಳು ಈ ಕರೆಯುದ್ದಕ್ಕೂ ಕೆಂಪಗೆ ನಿಂತಿವೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು, ಜನರ ಜೀವ ಹೋಯಿತು. ಸುದ್ದಿಯಲ್ಲಿ ನಾವು ಹೆದ್ದಾರಿ ತೆರವಾಗುವುದನ್ನು ಕಾದೆವು. ಹೊಳೆಗೆ ಬಿದ್ದ ಮಣ್ಣು ಮುಂದೆ ಎಲ್ಲಿಗೆ ಹೋಯಿತು ಎಂದು ಕೇಳಿದವರು ಕಡಿಮೆ.

ನಾವು ಉಳಿದುಕೊಂಡಿದ್ದ ಮನೆಯ ಅಕ್ಕನ ಅಡುಗೆಮನೆಯಲ್ಲಿ ಈ ಎರಡು ತುದಿಗಳು ದಿನವೂ ಕೂಡುತ್ತಿದ್ದವು. ಬಂಗುಡೆ ಸಾರಿಗೆ ಅವರು ಕೊನೆಯಲ್ಲಿ ನಾಲ್ಕಾರು ಜುಮ್ಮನಕಾಯಿ ಜಜ್ಜಿ ಹಾಕುತ್ತಿದ್ದರು, ನಾಲಿಗೆ ಜುಮ್ಮೆನ್ನುವ ಆ ಕಾಯಿ ಕಾಡಿನ ಮುಳ್ಳುಮರದ್ದು. ಹುಳಿಗೆ ಹುಣಸೆಯಲ್ಲ, ಮುರುಗಲು ಅಥವಾ ಉಪ್ಪಾಗೆ. ಮೀನು ಕೇರಿಯದು, ಹುಳಿ ಘಟ್ಟದ್ದು. ಉಪ್ಪಾಗೆ ಸಿಪ್ಪೆಯಿಂದ ತೂಕ ಇಳಿಸುವ ಮಾತ್ರೆ ಮಾಡಬಹುದು ಎಂಬ ಸುದ್ದಿ 1990ರ ದಶಕದಲ್ಲಿ ಹಬ್ಬಿದಾಗ ಕಾಯಿಗಾಗಿ ಮರವನ್ನೇ ಕಡಿದವರಿದ್ದಾರೆ. ಅದು ಮಳೆಗಾಲದ ಕಾಯಿ, ಬಿಸಿಲಿಗೆ ಒಣಗುವುದಿಲ್ಲ, ಹೊಗೆಯಲ್ಲಿ ಒಣಗಿಸಬೇಕು. ಅದಕ್ಕೆ ರಾಶಿ ರಾಶಿ ಕಟ್ಟಿಗೆ ಉರಿಯಿತು. ದೂರದೇಶದ ಯಾರದೋ ಸೊಂಟ ಸಣ್ಣಗಾಗಲು ಸಿದ್ದಾಪುರ, ಶಿರಸಿಯ ಕಾಡು ಸಣ್ಣಗಾಯಿತು. ಅಕ್ಕನಿಗೆ ಈ ಕತೆ ಹೇಳಿದರೆ ‘ಹುಳಿ ತಿಂದ್ರೆ ಹಸಿವೆ ಜಾಸ್ತಿ ಆಗ್ತದಲೆ, ತೂಕ ಇಳಿಯುದು ಎಂತದು’ ಅಂದರು. ವಿಜ್ಞಾನ ಅವರ ಕಡೆ ಇದೆಯೋ ಇಲ್ಲವೋ, ಅವರ ಸಾರು ಉಂಡವರು ಅವರ ಕಡೆಯೇ.

ಕತ್ತಲೆಕಾನಿಗೆ ಹೊರಟದ್ದು ಮುಂಜಾನೆ. ಹೊನ್ನಾವರದಿಂದ ಶರಾವತಿಯ ಬಲು ಹತ್ತಿರವೇ ಸಾಗುವ ರಸ್ತೆ ಗೇರುಸೊಪ್ಪೆ ದಾಟಿ ಮಲೆಮನೆ ಘಟ್ಟ ಹತ್ತುತ್ತದೆ, ಮುಂದೆ ಮಾವಿನಗುಂಡಿ, ಜೋಗ. ಗೇರುಸೊಪ್ಪೆ ಬಂದಾಗ ಚೆನ್ನಭೈರಾದೇವಿಯ ನೆನಪಾಗದೆ ಇರದು. 54 ವರ್ಷ ಆಳಿದವಳು. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದರು. ಆ ಮೆಣಸು ಬಂದದ್ದು ಈ ಕಾನುಗಳಿಂದಲೇ. ದೇವರದ್ದೆಂದು ಕೊಡಲಿ ಹಾಕದೆ, ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸು ಕೊಯ್ದುಕೊಂಡು, ಕೆಳಗಿನ ಗದ್ದೆಗೆ ನೀರು ಇಳಿಸಿಕೊಂಡು ಜನ ಶತಮಾನಗಳ ಕಾಲ ಉಳಿಸಿದ ಕಾಡು. ಬ್ರಿಟಿಷರ ಕಾಲಕ್ಕೆ ಕಾನು ಸರ್ಕಾರದ್ದಾಯಿತು, ದೇವರು ಸಣ್ಣದೊಂದು ಕಲ್ಲಿಗೆ ಸರಿದ.

ಅನುಮತಿ ಪಡೆದು, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡು ಒಳಹೊಕ್ಕೆವು. ರಸ್ತೆಯಿಂದ ಸ್ವಲ್ಪ ದೂರಕ್ಕೇ ಬೆಳಕು ಸೋರಿಹೋಗುತ್ತದೆ. ಕಾಲಡಿ ಜೌಗು. ಕಪ್ಪು ಕೆಸರಿನಿಂದ ಮೊಣಕಾಲು ಮಡಚಿದ ಆಕಾರದ ಬೇರುಗಳು ಮೇಲೆದ್ದು ಮತ್ತೆ ಒಳಗೆ ಹೋಗುತ್ತವೆ, ನೂರಾರು. ಇದು ರಾಮಪತ್ರೆ ಜಡ್ಡಿ. ಜಾಜಿಕಾಯಿಯ ಬಳಗದ ಮರಗಳು, ವರ್ಷವಿಡೀ ನೀರು ನಿಂತ ಮಣ್ಣಿನಲ್ಲಿ ಉಸಿರಾಡಲು ಬೇರನ್ನು ಗಾಳಿಗೆ ಎತ್ತಿವೆ. ಕೆಲವು ಮರಗಳು ಬುಡದಲ್ಲಿ ಊರುಗೋಲಿನ ಬೇರುಗಳ ಮೇಲೆ ನಿಂತಿರುತ್ತವೆ. ಇವುಗಳ ಬೀಜ ದಪ್ಪ, ಒಣಗಿದರೆ ಸತ್ತಂತೆ. ಕಪಾಟಿನಲ್ಲಿಟ್ಟು ನಾಲ್ಕು ವರ್ಷದ ಮೇಲೆ ಬಿತ್ತುವ ಮಾತಿಲ್ಲ. ಮಂಗಟ್ಟೆ ಹಕ್ಕಿ ನುಂಗಿ ಒಯ್ದು ಹಸಿ ನೆಲದಲ್ಲಿ ಉದುರಿಸಬೇಕು, ಆ ನೆಲ ಹಸಿಯಾಗಿಯೇ ಉಳಿದಿರಬೇಕು. ಹೀಗಾಗಿ ಒಂದು ಬೇಸಿಗೆಗೆ ತೊರೆ ಬತ್ತಿದರೂ ಈ ಕಾಡಿನ ಮುಂದಿನ ತಲೆಮಾರು ಹುಟ್ಟುವುದಿಲ್ಲ.

ಇಲ್ಲಿ ಮಾತ್ರ ಸಿಗುವ ಅಥವಾ ಮೊದಲು ಇಲ್ಲಿ ಕಂಡ ಜೀವಗಳ ಪಟ್ಟಿ ದೊಡ್ಡದು. ಗೇರಿನ ಬಳಗದ ಒಂದು ಮರಕ್ಕೆ ಊರಿನ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು 2000ದಲ್ಲಿ ಹೆಸರಿಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ಕುಮಟೆಯಲ್ಲಿ ಒಂದು ಕ್ಷೇತ್ರ ಕೇಂದ್ರವನ್ನೇ ಇಟ್ಟುಕೊಂಡಿದೆ. ಎಂ. ಡಿ. ಸುಭಾಷ್ ಚಂದ್ರನ್ ಅವರು ಈ ಜಡ್ಡಿಗಳನ್ನು ಕಾಲಲ್ಲಿ ಅಳೆದು ಬರೆದಿರದಿದ್ದರೆ ನನ್ನಂಥವರಿಗೆ ಇವು ಬರೀ ಕೆಸರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕುಂಬಾರ ಕಪ್ಪೆಯ ಸಂಗತಿ. ಹಗಲಿನಲ್ಲಿ ಹೋದ ನಮಗೆ ಅದು ಕಾಣಲಿಲ್ಲ, ಅದು ರಾತ್ರಿಯ ಜೀವಿ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದೇ ಕಾನಿನಿಂದ ಅದನ್ನು ಜಗತ್ತಿಗೆ ಪರಿಚಯಿಸಿದರು. ಹೆಣ್ಣು ತೊರೆಯ ಮೇಲಿನ ಕಡ್ಡಿಯಲ್ಲೋ ಕಲ್ಲಿನಲ್ಲೋ ಮೊಟ್ಟೆಯಿಟ್ಟು ಹೋದ ಮೇಲೆ, ಗಂಡು ತೊರೆಯಿಂದ ಎರಡೂ ಕೈಯಲ್ಲಿ ಕೆಸರು ಬಳಿದು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ನಾನು ಇದನ್ನು ಹೇಳುತ್ತಿದ್ದರೆ ಅಕ್ಕನ ಮಗಳು ಕೆಸರಿನಲ್ಲಿ ಹೂತ ತನ್ನ ಬೂಟನ್ನು ಎಳೆಯುತ್ತಾ, ‘ಅಂದ್ರೆ ಇಲ್ಲಿ ಮಣ್ಣು ಬೇಕು, ಅಲ್ಲಿ ಬೇಡ’ ಅಂದಳು. ಹೌದು, ಇಡೀ ವಿಷಯ ಅಷ್ಟೇ. ಈ ಕೆಸರು ಇಲ್ಲೇ ಇರಬೇಕು.

ವಾಪಸು ಬರುವಾಗ ನಮ್ಮ ಜೊತೆಗೆ ಬಂದವರ ಮನೆಯಲ್ಲಿ ಕೂತೆವು. ಹವ್ಯಕರು, ಎಪ್ಪತ್ತರ ಹತ್ತಿರದವರು. ‘ಆಸರಿಗೆ ಎಂತ ಬೇಕು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುರುಗಲ ಪಾನಕ ತಂದರು. ಮನೆಯ ಕೆಳಗೆ ಅಡಿಕೆ ತೋಟ, ನಡುವೆ ತೊರೆ. ತೋಟ ಚೆನ್ನಾಗಿದೆ ಅಂದೆ. ಅವರು ನಕ್ಕು, ಈ ತೋಟವೂ ಒಂದು ಕಾಲಕ್ಕೆ ನೀವು ಈಗ ನೋಡಿ ಬಂದ ಜಡ್ಡಿಯೇ ಅಂದರು. ಕಣಿವೆಯ ತಳ, ವರ್ಷವಿಡೀ ನೀರು: ರಾಮಪತ್ರೆಗೆ ಬೇಕಾದದ್ದೇ ಅಡಿಕೆಗೂ ಬೇಕು. ಹೀಗೆ ಎಷ್ಟೋ ಜಡ್ಡಿಗಳು ತೋಟವಾಗಿವೆ. ಅವರ ಮಾತಿನಲ್ಲಿ ಪಶ್ಚಾತ್ತಾಪವೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ತೋಟದ ಗೊಬ್ಬರಕ್ಕೆ ಸೊಪ್ಪಿನ ಬೆಟ್ಟ ಬೇಕು, ಬೆಟ್ಟದಲ್ಲಿ ಮರ ಇರಬೇಕು, ಹಾಗಾಗಿ ಕಾಡು ಪೂರ್ತಿ ಹೋಗಲು ಬಿಟ್ಟಿಲ್ಲ, ಅಷ್ಟೇ ಎಂದರು. ಬೆಂಗಳೂರಿನ ಪರಿಸರಪ್ರೇಮದಲ್ಲಿ ಇಂಥ ಲೆಕ್ಕ ಇರುವುದಿಲ್ಲ. ನಮಗೆ ಕಾಡೆಂದರೆ ಮನುಷ್ಯರಿಲ್ಲದ ಫೋಟೊ.

ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ಬಂದಾಗ ಮಾತ್ರ ಅವರ ದನಿ ಏರಿತು. ತಲಕಳಲೆ ಜಲಾಶಯ ಮೇಲೆ, ಗೇರುಸೊಪ್ಪೆ ಕೆಳಗೆ. ವಿದ್ಯುತ್ ಅಗ್ಗವಾಗಿರುವ ಹೊತ್ತಿನಲ್ಲಿ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು 2000 ಮೆಗಾವಾಟ್ ತೆಗೆಯುವ ಆಲೋಚನೆ. ಜಾಗ ಇರುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಸಿಂಗಳೀಕ ಈ ಶಿರಸಿ–ಹೊನ್ನಾವರದ ಕಾಡಿನಿಂದ ಬಡಗಣಕ್ಕೆ ಇಲ್ಲ, ಇದೇ ಅದರ ತುತ್ತತುದಿ. ಅಘನಾಶಿನಿಯ ಕಡೆ ಅದಕ್ಕೆಂದೇ 2011ರಲ್ಲಿ ಒಂದು ಸಂರಕ್ಷಿತ ಪ್ರದೇಶವನ್ನು ಘೋಷಿಸಿದರು, ಶರಾವತಿಯ ಕಡೆ 2019ರಲ್ಲಿ ಅಭಯಾರಣ್ಯವನ್ನು ಹಿಗ್ಗಿಸಿದರು. ಅದರ ನಡುವೆ ಈಗ ಸುರಂಗ ಕೊರೆಯುವ ಮಾತು. ‘ಕರೆಂಟು ಯಾರಿಗೆ? ನಿಂಗಕ್ಕಿಗೇ’ ಅಂದರು, ನಿಮಗೇ ಎಂದು. ಜಗಳದ ದನಿಯಲ್ಲ, ಲೆಕ್ಕ ಒಪ್ಪಿಸುವ ದನಿ.

ಅದು ಸರಿಯಾದ ಲೆಕ್ಕವೇ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಅದರ ಕೆಳಗಿನ ಶರಾವತಿ ವಿದ್ಯುದಾಗಾರ 1035 ಮೆಗಾವಾಟಿನದು. ಬೆಂಗಳೂರಿನ ಕಾರ್ಖಾನೆಗಳು, ಬಡಾವಣೆಗಳು, ಆಮೇಲೆ ಐಟಿ ಪಾರ್ಕುಗಳು ಬೆಳೆದದ್ದರಲ್ಲಿ ಈ ಹೊಳೆಯ ಪಾಲು ದೊಡ್ಡದು. 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ಎತ್ತಿ ತರುವ ಪ್ರಸ್ತಾಪ ಬಂದಾಗ ಮಲೆನಾಡು ಬೀದಿಗಿಳಿಯಿತು.

ಆದರೆ ಈ ವಿದ್ಯುತ್ತಿನ ಬೆಲೆ ಕಡಲಂಚಿನಲ್ಲಿ ಏನಾಗಿದೆ ಎಂದು ನನಗೆ ತಿಳಿದದ್ದು ಅಣೆಕಟ್ಟೆಯ ಬಳಿ ಅಲ್ಲ, ಅಕ್ಕನ ಜಗಲಿಯಲ್ಲಿ. ಬಳಚು, ಅಂದರೆ ಅಳಿವೆಯ ಚಿಪ್ಪುಮೀನು, ತಿನ್ನಬೇಕೆಂದು ಆಸೆಪಟ್ಟೆ. ‘ಇಲ್ಲಿ ಹೊಳೆದ್ದು ಸಿಗೂದಿಲ್ರ. ಬಳಚು ಬೇಕಂದ್ರೆ ಕುಮಟೆ ಬದಿಂದ ಬರ್ಬೇಕು. ನಮ್ಮತ್ತೆ ಹೇಳ್ತಿದ್ರು, ಮುಂಚೆ ಇಲ್ಲೇ ಬುಟ್ಟಿಗಟ್ಲೆ ಸಿಗ್ತಿತ್ತಂತೆ’ ಅಂದರು. ಕುಮಟೆ ಬದಿ ಎಂದರೆ ಅಘನಾಶಿನಿ. ಅದಕ್ಕೆ ಅಣೆಕಟ್ಟು ಇಲ್ಲ, ಅದರ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಎರಡೂ ಹೊಳೆಗಳು ಒಂದೇ ಘಟ್ಟದವು, ಅಳಿವೆಗಳು ಅಕ್ಕಪಕ್ಕದ ತಾಲ್ಲೂಕಿನವು. ಒಂದರಲ್ಲಿ ಬಳಚಿದೆ, ಇನ್ನೊಂದರಲ್ಲಿ ಇಲ್ಲದಂತಾಗಿದೆ.

ಕಾರಣವನ್ನು ಕುಮಟೆಯ ಸಂಶೋಧಕರು ವಿವರವಾಗಿ ಬರೆದಿದ್ದಾರೆ. ಅಣೆಕಟ್ಟು ಇಲ್ಲದ ಹೊಳೆ ಬೇಸಿಗೆಯಲ್ಲಿ ಸೊರಗುತ್ತದೆ. ಭರತದ ಜೊತೆ ಕಡಲಿನ ಉಪ್ಪು ಮೈಲುಗಟ್ಟಲೆ ಒಳಗೆ ಬರುತ್ತದೆ, ಮಳೆಗಾಲದಲ್ಲಿ ಮತ್ತೆ ಹಿಂದೆ ಸರಿಯುತ್ತದೆ. ಅಳಿವೆಯ ಚಿಪ್ಪುಜೀವಿಗಳು ಈ ಏರಿಳಿತಕ್ಕೆ ಹುಟ್ಟಿದವು. ಶರಾವತಿಯಲ್ಲಿ ವಿದ್ಯುದಾಗಾರ ವರ್ಷವಿಡೀ ಸಿಹಿನೀರು ಬಿಡುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಮಾರ್ಚ್ ತಿಂಗಳ ಸಂಜೆ ಏಳಕ್ಕೆ ಎಲ್ಲರೂ ಎಸಿ ಹಾಕಿದಾಗ ಹೆಚ್ಚು ನೀರು ಇಳಿಯುತ್ತದೆ. ಉಪ್ಪು ಒಳಗೆ ಬರಲಾರದೆ ನಿಲ್ಲುತ್ತದೆ. ನಾವು ಸ್ವಿಚ್ಚು ಒತ್ತಿದ್ದಕ್ಕೆ ಹೊನ್ನಾವರದಲ್ಲಿ ಬಳಚು ಹೋಯಿತು ಎಂದರೆ ಉತ್ಪ್ರೇಕ್ಷೆಯಂತೆ ಕೇಳಿಸುತ್ತದೆ, ಆದರೆ ಸರಪಣಿಯ ಕೊಂಡಿಗಳು ಒಂದೂ ಬಿಟ್ಟುಹೋಗಿಲ್ಲ.

ಅಣೆಕಟ್ಟು ಹೂಳನ್ನೂ ತಡೆಯುತ್ತದಲ್ಲ, ಹಾಗಾದರೆ ಹವಳಕ್ಕೆ ಒಳ್ಳೆಯದೇ ಅಲ್ಲವೇ ಎಂದು ಯಾರಾದರೂ ವಾದಿಸಬಹುದು. ನಾನೂ ರೈಲಿನಲ್ಲಿ ಹಾಗೇ ಯೋಚಿಸಿದೆ. ಆದರೆ ತಡೆದ ಹೂಳಿನಲ್ಲಿ ಕಡಲಕರೆ ಕಟ್ಟಬೇಕಾದ ಮರಳೂ ಇರುತ್ತದೆ. ಮರಳು ಬರದ ಕರೆಯನ್ನು ಅಲೆ ಕೊರೆಯುತ್ತದೆ, ಅದಕ್ಕೆ ಕಲ್ಲು ಸುರಿಯುತ್ತಾರೆ, ಕಲ್ಲು ಸುರಿದ ಕಡೆ ಕಡಲಾಮೆ ಮೊಟ್ಟೆಯಿಡಲು ಹತ್ತಲಾರದು. ಒಂದೇ ಹೊಳೆಯಲ್ಲಿ ಯಾವ ಮಣ್ಣು ಎಲ್ಲಿ ನಿಲ್ಲಬೇಕು, ಯಾವುದು ಮುಂದೆ ಹೋಗಬೇಕು ಎನ್ನುವುದನ್ನು ಕಾಡು ಅಣೆಕಟ್ಟಿಗಿಂತ ಚೆನ್ನಾಗಿ ಬಲ್ಲದು ಎಂದೇ ನನ್ನ ಅಭಿಪ್ರಾಯ. ವಿದ್ಯುತ್ತು ಬೇಡ ಎನ್ನುವಷ್ಟು ದಡ್ಡತನ ನನಗಿಲ್ಲ. ನಮ್ಮ ಬೇಸ್‌ಮೆಂಟಿನಲ್ಲಿ ಕಾರು ಚಾರ್ಜಾಗುತ್ತಿದೆ. ಆದರೆ ಹಗಲಿನ ಸೌರಶಕ್ತಿಯನ್ನು ಸಂಜೆಗೆ ಉಳಿಸಲು ಸಿಂಗಳೀಕದ ಕಣಿವೆಯೇ ಬೇಕೇ, ನಮ್ಮ ಊರಿನ ಹತ್ತಿರ ಬ್ಯಾಟರಿ ಕಟ್ಟಿದರೆ ಆಗದೇ ಎಂಬ ಪ್ರಶ್ನೆಯನ್ನು ಗೇರುಸೊಪ್ಪೆಯವರು ಕೇಳುತ್ತಿದ್ದಾರೆ. ಅದನ್ನು ಕೇಳಬೇಕಾದವರು ನಾವು.

ಹೋಗುವವರಿಗೆ ಒಂದಿಷ್ಟು. ನೀರು ತಿಳಿಯಾಗಿರುವುದು ಡಿಸೆಂಬರಿನಿಂದ ಫೆಬ್ರವರಿ. ನೀರೊಳಗೆ ಹವಳವನ್ನಾಗಲಿ ಬಂಡೆಯನ್ನಾಗಲಿ ಹಿಡಿಯಬೇಡಿ, ಕಾಲಿನ ರೆಕ್ಕೆಯಿಂದ ತಳದ ಮಣ್ಣೆಬ್ಬಿಸಬೇಡಿ. ಕಲಿಸುವವರು ಒಂದು ಸಲ ಹೇಳುತ್ತಾರೆ, ಎರಡನೇ ಸಲ ಕೈ ಹಿಡಿದು ಮೇಲೆ ಎಳೆಯುತ್ತಾರೆ. ಕತ್ತಲೆಕಾನಿಗೆ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೋಗಿ, ಜಡ್ಡಿಯ ಮೊಣಕಾಲು ಬೇರುಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬೇಡಿ, ಅವು ಮರದ ಮೂಗು. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಸುಣ್ಣ–ತಂಬಾಕು ಸಾಕು, ಸ್ಪ್ರೇ ಬೇಡ. ಕೆಳಗಿರುವುದು ಕಪ್ಪೆಗಳ ನೀರು. ಹೊನ್ನಾವರದ ಪೇಟೆಯಲ್ಲಿ ಮುರುಗಲ ಸಿಪ್ಪೆ ಕೊಳ್ಳಿ.

ಅಕ್ಕನ ಮಗಳಿಗೆ ಈಗ ಮಳೆಗಾಲದಲ್ಲೊಮ್ಮೆ ಹೋಗಬೇಕಂತೆ. ಡೈವಿಂಗ್ ಇಲ್ಲದಿದ್ದರೂ ಸರಿ, ಶರಾವತಿಯ ಸೇತುವೆಯ ಮೇಲೆ ನಿಂತು ಕೆಂಪು ನೀರು ಕಡಲೊಳಗೆ ಎಷ್ಟು ದೂರ ಹೋಗುತ್ತದೆ ಎಂದು ನೋಡಬೇಕಂತೆ. ಕೋಣೆ ಇಟ್ಟಿರಿ ಎಂದು ಅಕ್ಕನಿಗೆ ಫೋನು ಮಾಡಿದೆ. ‘ಜೂನಾಗೆ ಬಂದು ಎಂತ ಮಾಡ್ತ್ರಿ? ದೋಣಿ ಮೇಲಿರ್ತದೆ, ಹಸಿ ಮೀನೂ ಇಲ್ಲ. ಒಣಮೀನು ತಿಂತ್ರಾದ್ರೆ ಬನ್ನಿ’ ಅಂದರು. ತಿನ್ನುತ್ತೇವೆ ಅಂದೆ.